ಬೀರಣ್ಣನ ಜೀಪಿಗೆ ನಾನೇ ಕಂಪ್ಯೂಟರ್

ಸಿನಿಮಾದಲ್ಲಿ ಎಲ್ಲರೂ ನಾಯಕನ ಮುಖ ನೋಡಿದರೆ ಬೀರಣ್ಣ ಅವನ ಕಾಲು ನೋಡುತ್ತಿದ್ದ. ಕ್ಲಚ್ ಒತ್ತದೆ ಗೇರ್ ಹಾಕಿದನೋ, ಆ ಸಿನಿಮಾ ಅವನ ಪಾಲಿಗೆ ಅಲ್ಲಿಗೇ ಮುಗಿಯಿತು. ಕಾರು ಆಕಾಶದಲ್ಲಿ ಹಾರುವ, ಮಂಗಳ ಗ್ರಹದ ಮೇಲೆ ಲಾರಿ ಓಡುವ, ಗಾಡಿಗಳು ಮನುಷ್ಯರಂತೆ ಮಾತಾಡುವ ಸಿನಿಮಾಗಳೆಂದರೆ ಅವನಿಗೆ ಪ್ರಾಣ. ಇಂಗ್ಲಿಷಿನವು ತೆಲುಗಿಗೋ ಹಿಂದಿಗೋ ಡಬ್ ಆಗಿ ಬಂದರೆ ಸಾಕು, ಎರಡೆರಡು ಸಲ ನೋಡಿ ಬಂದು ನಮಗೆ ಕತೆ ಹೇಳುತ್ತಿದ್ದ. "ಲೋಕಾ ಉಳಸಾಕ ಹೊಂಟಾನಂತ್ರಿ, ಹ್ಯಾಂಡ್‌ಬ್ರೇಕ್ ಹಾಕಲಾರ್ದ ಗಾಡಿ ಇಳದಾನ! ಇಂಥಾವನ ಕೈಯಾಗ ಲೋಕಾ ಕೊಡ್ತೀರೇನ್ರೀ?"

ರಾಯಚೂರಿನಿಂದ ದೇವದುರ್ಗಕ್ಕೆ ದಿನಾ ಓಡಾಡುವ ಹತ್ತು ಮಂದಿ ಶಿಕ್ಷಕರನ್ನು ಅವನು ತನ್ನ ಕ್ರೂಸರ್ ಜೀಪಿನಲ್ಲಿ ಒಯ್ಯುತ್ತಿದ್ದ. ದೇವದುರ್ಗದ ಕಡೆಯ ಕುರುಬರ ಮನೆತನ. ಅಪ್ಪ ಕುರಿ ಹಿಂದೆ ನಡೆದ, ಇವನು ಇಪ್ಪತ್ತನೇ ವಯಸ್ಸಿಗೇ ಸ್ಟೇರಿಂಗ್ ಹಿಡಿದು ಮೂವತ್ತು ವರ್ಷ ಬಿಡಲಿಲ್ಲ. ನಾನು ಮಾನ್ವಿಯ ಆಚಾರ್ಯರ ಮಗಳು, ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ನಮ್ಮ ಮನೆಯಲ್ಲಿ ಸಿನಿಮಾ ಎಂದರೆ ಮಡಿ ಕೆಟ್ಟ ಹಾಗೆ. ಹಾಗಾಗಿ ನಾನು ಕಂಡ ಸಿನಿಮಾಗಳೆಲ್ಲ ಬೀರಣ್ಣನ ಬಾಯಿಂದ ಕೇಳಿದವೇ. "ಮಂಗಳ ಗ್ರಹದಾಗ ಪಂಚರ್ ಆದ್ರ ಸ್ಟೆಪ್ನಿ ಯಾರು ತಂದ್ಕೊಡ್ತಾರ್ರಿ ಟೀಚರಮ್ಮ?" ಎಂದು ಗಂಭೀರವಾಗಿ ಕೇಳಿದರೆ ಯಾವ ವಿಜ್ಞಾನದ ಮಾಸ್ತರರಿಗೂ ಉತ್ತರ ಹೊಳೆಯುತ್ತಿರಲಿಲ್ಲ.

ಒಂದು ಜೂನ್‌ನಲ್ಲಿ, ಶಾಲೆ ಶುರುವಾದ ವಾರ, ಹಿಂದೆ ಕೂತಿದ್ದ ನನ್ನನ್ನು ಕರೆದ. "ಟೀಚರಮ್ಮ, ನೀವು ಮುಂದ ಬರ್ರಿ. ನಿಮ್ಮ ಗಂಟಲ ಜೋರದ." ಧೂಳಿನ ಬಿರುಗಾಳಿಯಲ್ಲಿ ಗಾಜು ಮುಚ್ಚಿಹೋದಾಗ ಗಾಡಿಯೊಳಗಿನ ಕಂಪ್ಯೂಟರ್ ಹೆಣ್ಣಿನ ದನಿಯಲ್ಲಿ ದಾರಿ ಹೇಳುವ ಸಿನಿಮಾ ಒಂದನ್ನು ನೋಡಿದ್ದನಂತೆ. ನಾನೇ ಆ ಕಂಪ್ಯೂಟರ್ ಆಗಬೇಕಂತೆ. ನನಗೂ ಹುರುಪು. "ಐವತ್ತು ಮೀಟರ್, ಎಡಕ್ಕೆ ಎರಡು ಎಮ್ಮಿ! ಮುಂದ ಟ್ರ್ಯಾಕ್ಟರ್, ದೀಪ ಇಲ್ಲ, ಬುದ್ಧೀನೂ ಇಲ್ಲ!" ಎಂದು ಒದರಿದರೆ ಹಿಂದಿನವರು ಬಿದ್ದು ಬಿದ್ದು ನಗುತ್ತಿದ್ದರು. ಬೀರಣ್ಣ ಮಾತ್ರ ನಗುತ್ತಿರಲಿಲ್ಲ, "ಹ್ಞೂಂ, ಆಮ್ಯಾಲ?" ಎನ್ನುತ್ತಿದ್ದ. ಅಭಿನಯ ಎಂದರೆ ಹೀಗಿರಬೇಕು ಎಂದುಕೊಂಡೆ ನಾನು, ಹುಚ್ಚಿ. ಹೀಗೆ ಐದು ತಿಂಗಳು ನಡೆಯಿತು.

ಆಮೇಲೊಂದು ಶನಿವಾರ ನೆಗಡಿಯಾಗಿ ನನ್ನ ದನಿ ಪೂರ್ತಿ ಬಿದ್ದುಹೋಯಿತು. ಗಂಟಲು ಮುಟ್ಟಿ ತೋರಿಸಿ ಕೂತೆ. ಬೀರಣ್ಣ ಅಂದು ಬಹಳ ನಿಧಾನ ಹೊಡೆದ, ಹಣೆಯೆಲ್ಲ ಬೆವರು. "ಸಣ್ಣಗರ ಮಾತಾಡ್ರಿ" ಎಂದು ಎರಡು ಸಲ ಕೇಳಿದ. ಗಬ್ಬೂರು ದಾಟಿದ ಮೇಲೆ ರಸ್ತೆ ತುಂಬ ಕುರಿ, ಇನ್ನೂರಕ್ಕೆ ಕಡಿಮೆಯಿಲ್ಲ. ಈಗ ಬ್ರೇಕ್ ಒತ್ತುತ್ತಾನೆ, ಈಗ ಒತ್ತುತ್ತಾನೆ ಎಂದು ನೋಡಿದೆ. ಒತ್ತಲಿಲ್ಲ. ಕೂಗಲು ದನಿಯಿಲ್ಲ. ಸ್ಟೇರಿಂಗಿಗೆ ಕೈ ಹಾಕಿ ಎಳೆದೆ. ಜೀಪು ಪಕ್ಕದ ಹತ್ತಿ ಹೊಲಕ್ಕೆ ನುಗ್ಗಿ ನಿಂತಿತು. ಅಷ್ಟರಲ್ಲಿ ಒಂದು ಗಬ್ಬದ ಕುರಿ ಚಕ್ರದಡಿ ಸಿಕ್ಕಿತ್ತು.

ಕುರಿ ಕಾಯುವ ಮುದುಕ ಬೈಯಲಿಲ್ಲ. ಬೀರಣ್ಣನ ಮುಖವನ್ನೇ ನೋಡಿ, "ಯಪ್ಪಾ, ಇಷ್ಟು ಕುರಿ ಕಾಣಲಿಲ್ಲೇನು ನಿನಗ?" ಎಂದ. ಬ್ರೇಕೇ ಹಿಡಿಯಲಿಲ್ಲ ಎಂದ ಬೀರಣ್ಣ. ಎಲ್ಲರೂ ನಂಬಿದರು. ಬ್ರೇಕಿನ ಮೇಲೆ ಅವನ ಕಾಲೇ ಇರಲಿಲ್ಲವೆಂದು ನೋಡಿದವಳು ನಾನೊಬ್ಬಳೇ. ಅಯ್ಯೋ ದೇವರೇ, ಇಪ್ಪತ್ತು ವರ್ಷ ಲೆಕ್ಕ ಕಲಿಸಿದವಳಿಗೆ ಐದು ತಿಂಗಳಿಂದ ಎದುರಿಗಿದ್ದ ಲೆಕ್ಕ ಬಿಡಿಸಲಾಗಿರಲಿಲ್ಲ.

ಶಾಲೆ ಬಿಟ್ಟ ಮೇಲೆ, ಬ್ರೇಕ್ ಕೆಟ್ಟ ಗಾಡಿ ಬೇಡವೆಂದು ಎಲ್ಲರೂ ಬಸ್ಸು ಹತ್ತಿದಾಗ ನಾನೊಬ್ಬಳೇ ಅವನ ಹತ್ತಿರ ಹೋಗಿ ಪಿಸುದನಿಯಲ್ಲೇ ಕೇಳಿದೆ. ಅವನು ಮುಚ್ಚಿಡಲಿಲ್ಲ. "ಸಕ್ಕರಿ ಬ್ಯಾನಿ ಕಣ್ಣಿಗೆ ಇಳದದರಿ. ನಟ್ಟನಡುವ ಹೊಗಿ ಕುಂತಂಗ ಆಗ್ಯಾದ. ಅಂಚಿನ ಗಿಡ ಕಾಣಸ್ತಾವ, ಅವುನ್ನ ಹಿಡಕೊಂಡು ಹೊಡ್ಯಾಕತ್ತೀನಿ. ಹೋಗಿದ್ದು ಇನ್ನ ಬರಂಗಿಲ್ಲ ಅಂದಾರ ಡಾಕ್ಟ್ರು." ಆಮೇಲೆ ನನ್ನ ಕಾಲಿಗೇ ಬಗ್ಗಿದ. "ಡ್ರೈವರ್ ಇಲ್ಲದ ಗಾಡಿ ಬರಾಕತ್ಯಾವಂತ್ರಿ, ಬರೇ ಸಿನಿಮಾದಾಗ ಅಲ್ಲ, ಖರೇನ. ಅವು ನಮ್ಮ ಕಡಿ ಬರೋತನಕ ನೀವು ಹೇಳ್ಕೋತ ಕುಂದರ್ರಿ. ಗಾಡಿ ಬಿಟ್ರ ನಾ ಯಾರ್ರೀ ಟೀಚರಮ್ಮ?"

ನಾನು ಅತ್ತೆ, ಬೈದೆ, ಆಣೆ ಹಾಕಿಸಿಕೊಂಡೆ. ಸೋಮವಾರದಿಂದ ಗಾಡಿ ಮುಟ್ಟುವುದಿಲ್ಲ ಎಂದ. ಸೋಮವಾರ ನೋಡಿದರೆ ನಗುನಗುತ್ತ ಗಾಜು ಒರೆಸುತ್ತ ನಿಂತಿದ್ದಾನೆ! ಅವತ್ತು ದಾರಿಯುದ್ದಕ್ಕೂ ಜೀವ ಕೈಯಲ್ಲಿ ಹಿಡಿದು ಎಮ್ಮೆ, ಬಸ್ಸು, ಸೈಕಲ್ಲು ಎಂದು ಒದರಿದೆ. ಹಿಂದಿನವರು ಎಂದಿನಂತೆ ನಕ್ಕರು. ಸಂಜೆ ನೇರ ಅವನ ಹೆಂಡತಿ ಗಂಗಮ್ಮನ ಹತ್ತಿರ ಹೋದೆ. ಆಕೆ ಕೇರುತ್ತಿದ್ದ ಮೊರ ಕೆಳಗಿಟ್ಟು ತಲೆ ತಗ್ಗಿಸಿದಳು. "ನನಗ ಗೊತ್ತದರಿ. ಆ ಟೀಚರಮ್ಮನ್ನ ಮುಂದ ಕುಂದರ್ಸಿಕೋ, ಆಕಿ ಮಾತು ನಿಲ್ಲಂಗಿಲ್ಲ ಅಂತ ನಾನ ಹೇಳಿಕೊಟ್ಟಿದ್ದೆ. ಗಾಡಿ ಬಿಟ್ರ ಈ ಮನಷ್ಯಾ ಉಳ್ಯಂಗಿಲ್ಲರಿ."

"ಮತ್ತ ಹತ್ತು ಮಂದಿ, ಗಂಗವ್ವಾ?" ಎಂದೆ. ಆಕೆ ಮತ್ತೆ ಮೊರ ಎತ್ತಿಕೊಂಡಳು.

ಜೊತೆಯ ಶಿಕ್ಷಕರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳಿದೆ. "ಕಂಪ್ಯೂಟರ್ ಆಗಿದ್ರಿ, ಈಗ ಕಣ್ಣಿನ ಡಾಕ್ಟರೂ ಆದ್ರ್ಯಾ?" ಎಂದು ನಕ್ಕರು. ತಪ್ಪು ಅವರದಲ್ಲ. ಐದು ತಿಂಗಳು ಅವರನ್ನು ನಗಿಸಿದವಳು ನಾನೇ. ಯಾರಿಗೆ ಹೇಳಲಿ, ಹೇಗೆ ಹೇಳಲಿ ಎಂದು ರಾತ್ರಿಯೆಲ್ಲ ಕಣ್ಣು ಮುಚ್ಚಲಿಲ್ಲ.

ಬೀರಣ್ಣನನ್ನು ಕಡೆಯ ಸಲ ಕಂಡದ್ದು ಮರುದಿನ ಬೆಳಿಗ್ಗೆ. ಆಮೇಲೆ ಗಂಡ ಹೆಂಡತಿ ಗಂಗಮ್ಮನ ತವರು ಮಟಮಾರಿಗೆ ಹೋದರು. ನಾನೀಗ ಸರ್ಕಾರಿ ಬಸ್ಸಿನಲ್ಲಿ ಓಡಾಡುತ್ತೇನೆ. ಮಟಮಾರಿಗೆ ಹೋಗುವ ಧೈರ್ಯ ಇನ್ನೂ ಬಂದಿಲ್ಲ.

ಆ ದಿನ ಎಲ್ಲರೂ ಹತ್ತಿ ಕೂತಿದ್ದರು. "ಟೀಚರಮ್ಮ ಬಂದ್ರೇನ್ರೀ?" ಎಂದು ಬೀರಣ್ಣ ಕೇಳಿದ್ದು ಕೇಳಿಸಿತು. "ಇವತ್ತ ಬರಂಗಿಲ್ಲ ಕಾಣಸ್ತದ, ನಡಿ ನಡಿ" ಎಂದರು ಯಾರೋ. ನಾನು ಜೀಪಿನ ಎದುರಿಗೆ ಹತ್ತು ಹೆಜ್ಜೆ ದೂರ, ರಸ್ತೆಯ ನಟ್ಟನಡುವೆ ಹೋಗಿ ನಿಂತೆ. ಹಾಡುಹಗಲು. ತುಟಿ ಬಿಚ್ಚಲಿಲ್ಲ. ಬೀರಣ್ಣ ನೇರ ನನ್ನ ಕಡೆಗೇ ಮುಖ ಮಾಡಿ ಗೇರ್ ಹಾಕಿದ. ಜೀಪು ಹೊರಟಿತು. ಓಡಿಹೋಗು ಎಂದಿತು ಜೀವ. ಒಳಗಿನವರು ಒಮ್ಮೆಲೇ ಚೀರಿದರು. ಬಂಪರ್ ನನ್ನ ಸೀರೆಯ ನೆರಿಗೆ ತಾಗಿ ನಿಂತಿತು.

ಇಂಜಿನ್ ಆರಿಸಿ ಇಳಿದ. ಬಾನೆಟ್ ಮೇಲೆ ಕೈಯಾಡಿಸುತ್ತ ಬಂದು ನನ್ನ ಭುಜ ಮುಟ್ಟಿದ. "ಯಾರವ್ವಾ? ಪೆಟ್ಟಾತೇನು?"

"ನಾನು, ಬೀರಣ್ಣ."

ಕೈ ಸರ್ರನೆ ಹಿಂದಕ್ಕೆ ಎಳೆದುಕೊಂಡ. "ಟೀಚರಮ್ಮ! ಯಾಕ ಸುಮ್ಮನ ನಿಂತಿದ್ರಿ? ಒಂದು ಮಾತು ಆಡಬಾರದಿತ್ತೇನ್ರೀ?"

"ಆಡಿದ್ರ ನೀ ನಿಲ್ಲಸ್ತಿದ್ದಿ. ನಾಳಿ ಮತ್ತ ಹೊಡೀತಿದ್ದಿ" ಎಂದು ಬಿಕ್ಕಿದೆ.

ಹಿಂದೆ ಬಸ್ಸೊಂದು ಬಂದು ಹಾರ್ನ್ ಹೊಡೆಯತೊಡಗಿತು. ಬೀರಣ್ಣ ಚಾವಿ ಹಿಡಿದ ಕೈಯನ್ನು ಯಾರೂ ಇಲ್ಲದ ಕಡೆಗೆ ಚಾಚಿದ.

"ಯಾರಾದ್ರು ಒಬ್ರು ಗಾಡಿ ಬಾಜೂಕ ಹಚ್ಚರಿ. ಪಾಪ, ಡ್ರೈವರ್ ಕಾಯಾಕತ್ತಾನ."