ಭಾವನ ಮರಾಠಿ, ನಮ್ಮ ಹುಲ್ಲು

ಹುಲ್ಲುಗಾವಲಿನಲ್ಲಿ ಬದುಕುವುದು ಹೇಗೆ ಎಂದು ಕಲಿಸುವ ಪುಸ್ತಕವೊಂದನ್ನು ಮೊನ್ನೆ ಮೊಮ್ಮಗಳು ತಂದಿದ್ದಳು. ಆಫ್ರಿಕಾದ ಹುಲ್ಲು, ಅಮೆರಿಕದ ಹುಲ್ಲು, ಮಂಗೋಲಿಯಾದ ಹುಲ್ಲು, ಎಲ್ಲದರ ಚಿತ್ರಗಳೂ ಇದ್ದವು. ಉದ್ದ ಬೂಟು ಹಾಕಿಕೊಳ್ಳಿ, ಗಾಳಿಯ ದಿಕ್ಕು ನೋಡಿಕೊಳ್ಳಿ, ಕಾಡುಮೃಗ ಎದುರಾದರೆ ಓಡಬೇಡಿ ಎಂದು ಬರೆದಿತ್ತು. ಬರೆದ ಪುಣ್ಯಾತ್ಮ ಒಂದು ಕುರಿಯನ್ನಾದರೂ ಕಾಯ್ದಿದ್ದಾನೋ ಇಲ್ಲವೋ. ನನ್ನ ಅರ್ಧ ಆಯುಷ್ಯ ಅಕ್ಕಲಕೋಟೆ ಕಡೆಯ ಮಾಳದ ಹುಲ್ಲಿನಲ್ಲೇ ಸವೆದಿದೆ. ಅಲ್ಲಿ ಹಾವು ಕಚ್ಚಿ ಸತ್ತವರಿಗಿಂತ ಜಾಣರ ಮಾತು ಕೇಳಿ ಕೆಟ್ಟವರನ್ನೇ ನಾನು ಹೆಚ್ಚು ನೋಡಿದ್ದೇನೆ.

ನಮ್ಮ ಮನೆಯ ಜಾಣರೆಂದರೆ ಭಾವನವರು, ನನ್ನ ಗಂಡನ ಅಣ್ಣ. ಸೊಲ್ಲಾಪುರದ ಗಿರಣಿಯೊಂದರಲ್ಲಿ ಕೆಲವು ಕಾಲ ದುಡಿದು ಬಂದಿದ್ದರು. ಬರುವಾಗ ಬಿಳಿ ಟೋಪಿ, ಹಿತ್ತಾಳೆಯ ಎಲೆಯಡಿಕೆ ಡಬ್ಬಿ ಮತ್ತು ಮರಾಠಿಯನ್ನು ತಂದಿದ್ದರು. ಟೋಪಿ ಮಾಸಿತು, ಡಬ್ಬಿ ಕಳೆಯಿತು, ಮರಾಠಿ ಮಾತ್ರ ಉಳಿದುಕೊಂಡಿತು. ಮಾಳದ ಮೇಲಿದ್ದ ನಮ್ಮ ನಾಲ್ಕಾರು ಕುರಿಯವರ ಮನೆಗಳಿಗೆ ಅವರೇ ದುಭಾಷಿ. ಮರಾಠಿ ನಮಗೆ ಯಾರಿಗೂ ಬರುತ್ತಿರಲಿಲ್ಲವೆಂದಲ್ಲ. ಸಂತೆಯಲ್ಲಿ ಎಲ್ಲರೂ ಮಾತಾಡುತ್ತಿದ್ದೆವು. ಆದರೆ ಭಾವನವರ ಎದುರು ಬಾಯಿ ಬಿಟ್ಟರೆ, "ಅದು ಅಡ್ನಾಡಿ ಮರಾಠಿ, ಶುದ್ಧ ಅಲ್ಲ" ಅನ್ನುವರು. ಹಾಳೂರಿಗೆ ಉಳಿದವನೇ ಗೌಡ ಅನ್ನುವುದು ಇದಕ್ಕೇ ಇರಬೇಕು.

ನಾನು ಅವರೊಡನೆ ಮಾತಾಡುವಂತೆಯೇ ಇರಲಿಲ್ಲ. ಗಂಡನ ಅಣ್ಣನ ಎದುರು ಸೆರಗು ಮುಂದೆಳೆದುಕೊಂಡು ಬಾಯಿ ಮುಚ್ಚಿಕೊಂಡಿರುವುದು ನಮ್ಮ ಪದ್ಧತಿ. ವಳಸಂಗದ ತವರಿನಲ್ಲಿ ನಾಲ್ಕನೆಯ ಇಯತ್ತೆ ಕನ್ನಡ ಓದಿ ಬಂದಿದ್ದ ನಾನು ಆ ಮನೆಯಲ್ಲಿ ಎಮ್ಮೆಯ ಹಾಗೆ ತಲೆ ಅಲ್ಲಾಡಿಸುತ್ತ ಇದ್ದೆ.

ಆ ವರ್ಷ ನಾನು ತುಂಬಿದ ಬಸುರಿ. ಮೊದಲನೆಯ ಮಗಳನ್ನು ತವರಿನಲ್ಲಿ ಹೆತ್ತಿದ್ದೆ. ಎರಡನೆಯದು, ಗಂಡು, ಕುರಿಗಳ ಜೊತೆ ಭೀಮಾ ನದಿಯ ಕಡೆಗೆ ವಲಸೆ ಹೋಗುವಾಗ ಬಟಾಬಯಲಿನಲ್ಲಿ ಹುಟ್ಟಿತು. ಚಳಿಗಾಳಿಗೆ ಕಂಬಳಿ ಅಡ್ಡ ಹಿಡಿದು ಕೂತರೂ ಉಳಿಯಲಿಲ್ಲ. ಅದನ್ನು ಹುಲ್ಲಿನಲ್ಲೇ ಮಣ್ಣು ಮಾಡಿ ಮುಂದೆ ನಡೆದೆವು. ಕುರಿಗೆ ಹಸಿವು ಗೊತ್ತೇ ಹೊರತು ಸೂತಕ ಗೊತ್ತಿಲ್ಲ. ಈ ಸಲ ನನ್ನ ಗಂಡ ಮಾತು ಕೊಟ್ಟಿದ್ದ, ಹೆರಿಗೆ ಮನೆಯಲ್ಲೇ ಆಗಬೇಕು ಎಂದು. ಅದಕ್ಕಾಗಿ ಮಳೆಗಾಲ ಪೂರ್ತಿ ಮಾಳದ ಒಂದು ದೊಡ್ಡ ತುಂಡಿಗೆ ಕುರಿ ಬಿಡದೆ ಕಾಯ್ದಿದ್ದ. ದೀಪಾವಳಿಯ ಹೊತ್ತಿಗೆ ಅಲ್ಲಿ ಹುಲ್ಲು ಸೊಂಟದೆತ್ತರ ಬೆಳೆದಿತ್ತು. ಅದಿದ್ದರೆ ಚಳಿಗಾಲ ಕಳೆಯುವವರೆಗೆ ನಾವು ಕದಲಬೇಕಾಗಿರಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ದಿನಾ ಸಂಜೆ ಆ ಹುಲ್ಲನ್ನು ನೋಡುತ್ತಿದ್ದೆ. ಬಂಗಾರ ಕಂಡರೂ ಅಷ್ಟು ಸಂತೋಷ ಆಗುತ್ತಿರಲಿಲ್ಲ.

ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಸೈಕಲ್ ಮೇಲೆ ಒಬ್ಬ ಚಾವಡಿಯ ಆಳು ಬಂದ. ಖಾಕಿ ಕೋಟು, ಮುಖದ ತುಂಬ ಸರ್ಕಾರ. ಸೈಕಲ್ಲಿನಿಂದ ಇಳಿಯಲೂ ಇಲ್ಲ, ಒಂದು ಕಾಲು ನೆಲಕ್ಕೂರಿ ಭಾವನವರಿಗೆ ಕೂಗಿ ಹೇಳಿದ:

"ಟೋಳ ಯೇತಾಯತ! ಸಾವಧ ರಾಹಾ. ಡಬೇ ವಾಜವಾ!"

ಎಚ್ಚರವಾಗಿರಿ, ಡಬ್ಬಿ ಬಾರಿಸಿರಿ ಎಂಬುದೇನೋ ಸರಿಯೇ. ಮರಾಠಿಯಲ್ಲಿ ಟೋಳ ಎಂದರೆ ಮಿಡತೆ, ದಂಡು ಕಟ್ಟಿ ಬಂದು ಹಸಿರನ್ನೆಲ್ಲ ನುಂಗುವ ಮಿಡತೆ. ನಮ್ಮ ಭಾವನವರ ಶುದ್ಧ ಕಿವಿಗೆ ಅದು ತೋಳವಾಯಿತು.

"ಕಿತೀ?" ಎಷ್ಟು ಎಂದು ಕೇಳಿದರು.

"ಖೂಪ!" ಬಹಳ ಎಂದು ಹೇಳಿ ಅವನು ಹೊರಟುಹೋದ.

ಭಾವನವರು ಎಲ್ಲರನ್ನೂ ಸೇರಿಸಿದರು. "ತೋಳ ಬರಾಕತ್ತಾವಂತ, ದೊಡ್ಡ ಹಿಂಡು. ಕುರಿ ದಡ್ಡ್ಯಾಗ ಕೂಡಿ ಹಾಕ್ರಿ."

ನನ್ನ ಗಂಡ ಪೆದ್ದನಲ್ಲ. "ಅಣ್ಣಾ, ಮರಾಠ್ಯಾಗ ತೋಳಕ್ಕ ಲಾಂಡಗಾ ಅಂತಾರಲ್ಲ?" ಎಂದ.

"ಅದು ಸಂತಿ ಮರಾಠಿ. ಇಂವಾ ಸರಕಾರಿ ಮನಿಷ್ಯಾ, ಪುಣೇದ ಮಾತು. ಅವರ ನಾಲಿಗಿ ಗಡಸ, ತೋಳಕ್ಕ ಟೋಳ ಅಂತಾರ."

"ಡಬ್ಬಿ ಬಾರಸ್ರಿ ಅಂದ ಹೋದ್ನಲ್ಲ?"

"ಏ ತಮ್ಮಾ, ಸದ್ದ ಮಾಡಿದ್ರ ಇವತ್ತ ಓಡತಾವ, ನಾಳಿ ಮತ್ತ ಬರತಾವ. ಸಪ್ಪಳ ಮಾಡದ ಹುಲ್ಲಿನ್ಯಾಗ ಕುಂತ, ಬಂದ ಕೂಡಲೆ ಬಡದ ಹಾಕೂಣು."

ಜಾಣತನದ ಮೇಲೆ ಜಾಣತನ. ಗಂಡಸರೆಲ್ಲ ಕೋಲು, ಕೊಡಲಿ ಹಿಡಿದು, ಕಂಬಳಿ ಹೊದ್ದು, ನಾನು ದಿನಾ ಕಣ್ತುಂಬ ನೋಡುತ್ತಿದ್ದ ಆ ಹುಲ್ಲಿನಲ್ಲಿ ಅಡಗಿ ಕೂತರು. ಬೊಗಳಬಾರದೆಂದು ನಾಯಿಗಳ ಬಾಯಿಗೂ ಹಗ್ಗ ಬಿಗಿದರು. ಕೆಮ್ಮು ಬಂದವರು ಕಂಬಳಿ ಕಚ್ಚಿಕೊಂಡರಂತೆ. ಇಂಥ ಶಿಸ್ತನ್ನು ನಮ್ಮವರು ಬೀರಪ್ಪನ ಪೂಜೆಯಲ್ಲೂ ತೋರಿಸಿದವರಲ್ಲ.

ಹೊತ್ತು ಇಳಿಯುವಾಗ ಕೆಳಗಿನ ಎರೆಹೊಲಗಳಿಂದ ಡಬ್ಬಿ, ಹಲಗೆ, ಗಂಗಾಳ ಬಡಿಯುವ ಗದ್ದಲ ಕೇಳಿಸಿತು. ಒಕ್ಕಲಿಗರು ತಮ್ಮ ಜೋಳವನ್ನು ಕಾಯುತ್ತಿದ್ದರು. ಭಾವನವರು ಹುಲ್ಲಿನೊಳಗಿಂದ ತಲೆಯೆತ್ತಿ, "ನೋಡ್ರಿ, ಮಡ್ಡ ಮಂದಿ! ತೋಳ ಓಡಿಸಿ ನಮ್ಮ ಕಡೆ ಕಳಸಾಕತ್ತಾರ" ಎಂದರಂತೆ. ಕಳಿಸುತ್ತಿದ್ದುದು ಮಾತ್ರ ನಿಜ.

ಪಡುವಣದಲ್ಲಿ ಕೆಂಪು ಧೂಳಿನಂಥದು ಎದ್ದಿತು. ನಾನೂ ಅತ್ತೆಯೂ ಗುಡಿಸಲ ಬಾಗಿಲಲ್ಲಿ ನಿಂತಿದ್ದೆವು. ಆ ಧೂಳು ಬಂದು ನೆತ್ತಿಯ ಮೇಲೆ ನಿಂತಿತು, ಆಮೇಲೆ ಒಂದೊಂದೇ ಉದುರತೊಡಗಿತು. ಅತ್ತೆಯ ಸೆರಗಿನ ಮೇಲೊಂದು ಬಿತ್ತು. ನೋಡಿದ್ದೇ ತಡ, ಮುದುಕಿ, "ಮಿಡಚಿ! ಯವ್ವಾ, ಮಿಡಚಿ ಬಂದಾವೋ!" ಎಂದು ಒದರಿ, ಕೈಗೆ ಸಿಕ್ಕ ಗಂಗಾಳಕ್ಕೆ ಲಟ್ಟಣಿಗೆಯಿಂದ ಬಡಿಯತೊಡಗಿದಳು.

ಹುಲ್ಲಿನೊಳಗಿಂದ ಭಾವನವರ ಪಿಸುದನಿ ಬಂತು: "ಶ್! ಯವ್ವಾ, ಸುಮ್ಮನಿರ! ತೋಳ ಓಡಿ ಹೋಗತಾವ!"

ಹೆತ್ತ ಮಗನಲ್ಲವೆ, ಮುದುಕಿ ಒಂದು ಗಳಿಗೆ ಸುಮ್ಮನಾದಳು. ಆ ಗಳಿಗೆಯೇ ಸಾಕಾಯಿತು. ಡಬ್ಬಿಯ ಗದ್ದಲಕ್ಕೆ ಹೊಲಗಳ ಮೇಲೆ ಇಳಿಯಲಾಗದ ದಂಡೆಲ್ಲ ಸದ್ದಿಲ್ಲದ ನಮ್ಮ ಮಾಳದ ಮೇಲೆ ಇಳಿಯಿತು. ಗಂಡಸರು ಎದ್ದು ಕೊಡಲಿ ಬೀಸಿದರು. ಮಿಡತೆಯ ಮೇಲೆ ಕೊಡಲಿ! ಭಾವನವರ ಟೋಪಿಯ ತುಂಬ ಅವೇ ಕೂತಿದ್ದವು. ಒಣದಂಟು ತುಳಿದಂಥ ಸದ್ದು ಮಾಡುತ್ತ ಹುಲ್ಲು ಮೇಯುತ್ತಿದ್ದವು. ಬೆಳಗಾಗುವಷ್ಟರಲ್ಲಿ ಮಾಳ ಬೋಳಾಗಿತ್ತು. ನಾನು ಬಾಗಿಲಲ್ಲೇ ಕೂತು ಅತ್ತುಬಿಟ್ಟೆ. ಹುಲ್ಲಿಗಾಗಿ ಅತ್ತೆನೋ ಮಣ್ಣಲ್ಲಿಟ್ಟ ಕೂಸಿಗಾಗಿ ಅತ್ತೆನೋ, ಎರಡೂ ಒಂದೇ ಆಗಿದ್ದವು.

ಭಾವನವರ ತೀರ್ಪು ಹೀಗಿತ್ತು: "ಅವನ ಉಚ್ಚಾರ ಬರೋಬರಿ ಇರಲಿಲ್ಲ."

ಎರಡೇ ದಿನದಲ್ಲಿ ಗಂಟು ಕಟ್ಟಿದೆವು. ಕುರಿ ಮುಂದೆ, ಕುದುರೆಯ ಮೇಲೆ ಸಾಮಾನು, ಹಿಂದೆ ನಾನು. ಕುದುರೆಯ ಮೇಲೆ ಕೂತರೆ ಹೊಟ್ಟೆ ಕುಲುಕುತ್ತಿತ್ತು, ನಡೆದರೆ ಕಾಲು ಬಾತುಕೊಳ್ಳುತ್ತಿದ್ದವು. ಮಿಡತೆ ಬಿಟ್ಟ ಕಡೆ ಹುಲ್ಲು ಹುಡುಕುತ್ತ ಹೋಗಬೇಕು: ತಗ್ಗಿನ ಹಳ್ಳದ ದಂಡೆ, ಬೇಲಿಯ ನೆರಳು, ಜಾಲಿಯ ಬುಡ. ದಾರಿಯುದ್ದಕ್ಕೂ ಭಾವನವರು ಎದುರಾದವರಿಗೆಲ್ಲ ಟೋಳ ಮತ್ತು ತೋಳದ ವ್ಯತ್ಯಾಸವನ್ನು ಬಿಡಿಸಿ ಹೇಳುತ್ತಿದ್ದರು, ತಾವೇ ಕಂಡುಹಿಡಿದವರ ಹಾಗೆ.

ಅಕ್ಕಲಕೋಟೆ ದಾಟಿ ಒಂದು ಸಣ್ಣ ಊರು ಸೇರುವಾಗ ನನಗೆ ನೋವು ಶುರುವಾಯಿತು. ಇನ್ನೂ ಹಗಲಿತ್ತು. ಊರ ಹೊರಗಿನ ಮೊದಲ ಮನೆಯ ಅಂಗಳಕ್ಕೆ ನನ್ನ ಗಂಡ ಕರೆದೊಯ್ದ. ಅಂಗಳದಲ್ಲಿ ಒಂದು ಸೈಕಲ್ಲು, ಗೂಟಕ್ಕೆ ಖಾಕಿ ಕೋಟು. ಹೊರಗೆ ಬಂದವನು ಅದೇ ಚಾವಡಿಯ ಆಳು.

ಭಾವನವರ ಮುಖ ಅರಳಿತು. "ರಾಮ ರಾಮ ಪಾವ್ಹಣ!" ಎಂದರು. ಅವನೂ "ರಾಮ ರಾಮ" ಎಂದ. ಇಬ್ಬರೂ ಮರಾಠಿಯಲ್ಲಿ ಸುರು ಹಚ್ಚಿದರು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ ಎಂದು. ನಾನು ಗೋಡೆ ಹಿಡಿದು ನಿಂತಿದ್ದೆ.

ಒಳಗಿಂದ ಒಬ್ಬ ಮುದುಕಿ, ಅವನ ತಾಯಿ, ಅಚ್ಚ ನಮ್ಮ ಕನ್ನಡದಲ್ಲಿ ಗುಡುಗಿದಳು: "ಏ ಹುಚ್ಚಪ್ಪ್ಯಾ! ಬಸರ ಹೆಣ್ಮಗಳು ಬಾಗಲದಾಗ ನಿಂತಾಳ, ನೀ ಏನ ಪುಣೇದಾಂವನ ಹಂಗ ಮಾತಾಡಾಕತ್ತಿ? ನೀರ ಕಾಸಾಕ ಇಡ ಹೋಗ!"

"ಇಡತೀನಬೇ, ಒದರಬ್ಯಾಡ" ಎಂದ ಅವನು, ಅಷ್ಟೇ ಅಚ್ಚ ಕನ್ನಡದಲ್ಲಿ.

ಆ ನೋವಿನಲ್ಲೂ ನನಗೆ ತಿಳಿಯಿತು. ಇಬ್ಬರ ಮನೆಮಾತೂ ಒಂದೇ. ಒಬ್ಬ ಸರ್ಕಾರದ ಗತ್ತಿಗೆ ಮರಾಠಿ ಆಡಿದ್ದ, ಇನ್ನೊಬ್ಬ ಗಿರಣಿಯ ಗತ್ತಿಗೆ ಅದನ್ನು ಕೇಳಿದ್ದ. ಎರಡು ಗತ್ತಿನ ನಡುವೆ ನನ್ನ ಹುಲ್ಲು ಹೋಗಿತ್ತು.

ಆ ಮುದುಕಿ ದನದ ಕೊಟ್ಟಿಗೆ ಬಳಿದು, ಗೋಣಿ ಹಾಸಿ, ನನ್ನ ಹೆರಿಗೆ ಮಾಡಿಸಿದಳು. ಹೊತ್ತು ಮುಳುಗುವ ಮೊದಲು ಮಗಳು ಹುಟ್ಟಿದಳು, ಬದುಕಿದಳು. ಅದು ಆ ತಾಯಿಯ ಪುಣ್ಯ. ಕೂಸಿನ ಮೈ ಒರೆಸಿ ನನ್ನ ಮಗ್ಗುಲಲ್ಲಿ ಮಲಗಿಸಿದಾಗ ಹೊರಗೆ ಇನ್ನೂ ಮರಾಠಿ ನಡೆದೇ ಇತ್ತು. ಮಿಡತೆಯ ವಿಷಯವೇ. ಇಬ್ಬರೂ ಉಚ್ಚಾರದ ಬಗ್ಗೆ ವಾದಿಸುತ್ತಿದ್ದರು. ನನ್ನ ಮೈಯೆಲ್ಲ ಉರಿದುಹೋಯಿತು. ಮದುವೆಯಾದ ಮೇಲೆ ಮೊದಲ ಬಾರಿಗೆ ಭಾವನವರಿಗೆ ಕೇಳುವ ಹಾಗೆ ಬಾಯಿ ತೆಗೆದೆ.

"ಅವತ್ತ ನೀವಿಬ್ರೂ ನಿಮ್ಮ ನಿಮ್ಮ ಅವ್ವಗೋಳ ಮಾತನ್ಯಾಗ ಒಮ್ಮಿ 'ಮಿಡಚಿ' ಅಂದಿದ್ರ, ನಾ ಇವತ್ತ ಮಂದಿ ಕೊಟಗ್ಯಾಗ ಯಾಕ ಹಡೀತಿದ್ನಿ?"

ಹೊರಗೆ ಭಾವನವರು ಗಂಟಲು ಸರಿಮಾಡಿಕೊಂಡು, ಚಾವಡಿಯ ಆಳಿಗೆ ನನ್ನ ಮಾತನ್ನು ಮರಾಠಿಗೆ ತಿರುಗಿಸಿ ಹೇಳಿದರು:

"ಪಾಣೀ ಮಾಗತೇ."

ನೀರು ಕೇಳುತ್ತಿದ್ದಾಳೆ ಎಂದು. ಆ ಇನ್ನೊಬ್ಬ ಎದ್ದು ಹೋಗಿ ಒಂದು ತಂಬಿಗೆ ನೀರು ತಂದು ಕೊಟ್ಟಿಗೆಯ ಹೊಸ್ತಿಲ ಮೇಲಿಟ್ಟ.