ಬಲಕ್ಕೆ ಹೊಳ್ಳಿದರೆ ಕಟಕಟ

ಕೊಟ್ಟೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಜೋಗಮ್ಮನಿಗೆ ನಗು ಬೇಗ ಬರುತ್ತದೆ, ಬಂದದ್ದು ಸುಲಭಕ್ಕೆ ಹೋಗುವುದಿಲ್ಲ. "ನಗಿಸಬ್ಯಾಡ್ರಿ ಸಿಸ್ಟರಮ್ಮ, ಹೊಲಿಗಿ ಬಿಚ್ಚತಾವ" ಎಂದು ಬಾಣಂತಿಯರು ಕೈಮುಗಿಯುತ್ತಾರೆ. ನಲವತ್ತು ದಾಟಿದ ಮೇಲೆ ಕಾರು ಓಡಿಸುವುದನ್ನು ಕಲಿತು, ಯಾರೋ ಓಡಿಸಿ ಬಿಟ್ಟ ಬಿಳಿ ಕಾರೊಂದನ್ನು ಕೊಂಡ ದಿನವಂತೂ ದಾರಿಯುದ್ದಕ್ಕೂ ನಗುತ್ತಲೇ ಮನೆ ಸೇರಿದ್ದಳು. ಅವರ ಮನೆತನಕ್ಕೆ ಬಂದ ಮೊದಲ ಕಾರು ಅದು.

ಗಂಡ ಭೀಮೇಶ್ ಬಸ್ ಕಂಡಕ್ಟರ್. ಇಷ್ಟು ವರ್ಷ ಬಸ್ಸಿನಲ್ಲೇ ಬದುಕಿದರೂ ಸ್ಟೇರಿಂಗ್ ಮುಟ್ಟಿದವನಲ್ಲ. ಆದರೆ ಹೆಂಡತಿಯ ಪಕ್ಕ ಕೂತನೆಂದರೆ ರೂಢಿ ಬಿಡದು, ಬಾಗಿಲು ತಟ್ಟಿ "ರೈಟ್, ರೈಟ್" ಅನ್ನುತ್ತಾನೆ.

ಆ ಭಾನುವಾರ ಹಲವಾಗಲಿನಲ್ಲಿ ಜೋಗಮ್ಮನ ತಂಗಿ ಮಂಜಮ್ಮ ಹೋಳಿಗೆ ಊಟಕ್ಕೆ ಕರೆದಿದ್ದಳು. ಮನೆಯಿಂದ ಹೊರಟು ಮೊದಲ ತಿರುವಿನಲ್ಲಿ ಬಲಕ್ಕೆ ಹೊಳ್ಳಿಸಿದಳೋ ಇಲ್ಲವೋ, ಮುಂದಿನ ಗಾಲಿಯ ಕಡೆಯಿಂದ ಶುರುವಾಯಿತು: ಕಟಕಟ, ಕಟಕಟ.

"ಕಾರು ಹಲ್ಲು ಕಡಿಯಾಕ ಹತ್ತೇತಿ ನೋಡ್ರಿ," ಅಂದಳು ಜೋಗಮ್ಮ.

ಎಡಕ್ಕೆ ಹೊಳ್ಳಿಸಿದರೆ ಸದ್ದಿಲ್ಲ. ನೆಟ್ಟಗೆ ಹೋದರೂ ಇಲ್ಲ. ಭೀಮೇಶ್ ಗಂಭೀರನಾಗಿ ಯೋಚಿಸಿದ. "ಹಂಗಾರ ಬಲಕ್ಕ ಹೊಳ್ಳೋದ ಬ್ಯಾಡ. ಹೊನ್ನೂರಸ್ವಾಮಿ ಗ್ಯಾರೇಜ್ ತನಕ ಬರೀ ಎಡಕ್ಕ ಹೊಳ್ಳಿಸ್ಕೋತ ಹೋಗೋಣ."

ಹೇಳುವುದು ಸುಲಭ. ಬಲಕ್ಕೆ ಒಂದು ಸಲ ಹೊಳ್ಳುವ ಕಡೆ ಎಡಕ್ಕೆ ಮೂರು ಸಲ ಹೊಳ್ಳಿ, ಬೀದಿಯನ್ನೇ ಸುತ್ತಿಬರಬೇಕಾಯಿತು. ಒಂದೇ ಚಹಾದಂಗಡಿ ಮತ್ತೆ ಮತ್ತೆ ಎದುರಾಯಿತು. ಮೊದಲ ಸಲ ಅಲ್ಲಿ ಕೂತವರು ಸುಮ್ಮನೆ ನೋಡಿದರು. ಎರಡನೇ ಸಲ ನಮಸ್ಕಾರ ಮಾಡಿದರು. ಮೂರನೇ ಸಲ ಒಬ್ಬ ಎದ್ದು ನಿಂತು, "ಯಾರನ್ನ ಹುಡಕತೀರಿ ಸಿಸ್ಟರಮ್ಮ?" ಎಂದು ಕೂಗಿದ. "ಗ್ಯಾರೇಜ್!" ಅಂದಳು. "ಇಲ್ಲೇ ಬಲಕ್ಕ ಐತಲ್ರಿ!" ಅಂದ ಅವನು. ಜೋಗಮ್ಮನಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ತುಂಬಿ ರಸ್ತೆಯೇ ಮಸುಕಾಯಿತು.

ಅಷ್ಟರಲ್ಲಿ ಭೀಮೇಶ್ ಬಾಗಿಲು ತಟ್ಟಿ "ರೈಟ್, ರೈಟ್!" ಅಂದುಬಿಟ್ಟ. ಅವಳು ತಟ್ಟನೆ ಬಲಕ್ಕೆ ತಿರುಗಿಸಿಬಿಟ್ಟಳು. ಕಟಕಟಕಟ!

"ರೈಟ್ ಅಂದ್ರ ಮುಂದಕ್ಕ ಹೋಗು ಅಂತ, ಮಾರಾಯ್ತಿ!"

"ಅದು ನಿಮ್ಮ ಬಸ್ಸಿಗೆ. ಇದು ಕಾರ್ರೀ!"

ಹೀಗೆ ಜಗಳಾಡುತ್ತಲೇ ಇಬ್ಬರೂ ಗ್ಯಾರೇಜಿನ ಬಾಗಿಲಲ್ಲಿ ಇಳಿದರು.

ಮೆಕ್ಯಾನಿಕ್ ಹೊನ್ನೂರಸ್ವಾಮಿ ಮಾತು ಕೇಳಿ ಮುಗಿಸುವ ಮೊದಲೇ ಹಿಂದಿನ ಸೀಟು ಹತ್ತಿ ಕೂತ. "ಬಯಲಾಗ ಗುಂಡಗ ಸುತ್ತು ಹೊಡೀರಿ. ಕೇಳತೀನಿ."

ಗ್ಯಾರೇಜಿನ ಹಿಂದಿನ ಬಯಲಿನಲ್ಲಿ ಜೋಗಮ್ಮ ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುವಿ ಸುತ್ತತೊಡಗಿದಳು. ಹೊನ್ನೂರಸ್ವಾಮಿ ಕಿಟಕಿಯಿಂದ ತಲೆ ಹೊರಹಾಕಿ ಕಿವಿಗೊಟ್ಟ. ಧೂಳೆದ್ದಿತು. ಮೇಯುತ್ತಿದ್ದ ಕುರಿಗಳು ಬಾಯಾಡಿಸುವುದನ್ನು ಬಿಟ್ಟು ನೋಡಿದವು. ಕಟಕಟದ ಜೊತೆ ಈಗ ಹಿಂದಿನಿಂದ ಗುಡುಗುಡು, ಧಡ್ ಎಂಬ ಇನ್ನೊಂದು ಸದ್ದೂ ಸೇರಿಕೊಂಡಿತು. "ಇದು ಬ್ಯಾರೆ ಜಡ್ಡು!" ಎಂದು ಹೊನ್ನೂರಸ್ವಾಮಿ ಕಾರು ನಿಲ್ಲಿಸಲು ಹೇಳಿ, ಇಳಿದು ಡಿಕ್ಕಿ ತೆಗೆಸಿದ. ಹಿಂದಿನ ವಾರ ಉಜ್ಜಿನಿಯಿಂದ ತಂದು ಮರೆತ ಪ್ರಸಾದದ ತೆಂಗಿನಕಾಯಿ ಅವನ ಕಾಲ ಬುಡಕ್ಕೇ ಉರುಳಿ ಬಿತ್ತು.

"ಒಂದು ರೋಗ ವಾಸಿ ಆತು!" ಎಂದು ಭೀಮೇಶ್ ಚಪ್ಪಾಳೆ ತಟ್ಟಿದ. ಹೆಜ್ಜೆ ಇಡಲು ಹೋದರೆ ಎಲ್ಲರ ತಲೆಯೂ ಇನ್ನೂ ಗಿರಗಿರ ತಿರುಗುತ್ತಿತ್ತು. ಮೂವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತರು. ಯಾರು ಯಾರನ್ನು ಬೀಳದಂತೆ ತಡೆದರೋ ಯಾರಿಗೂ ತಿಳಿಯಲಿಲ್ಲ.

ತಲೆ ಹತೋಟಿಗೆ ಬಂದ ಮೇಲೆ ಹೊನ್ನೂರಸ್ವಾಮಿ ಎಡಗಾಲಿ ಬಿಚ್ಚಿದ.

"ಸದ್ದು ಬಲಕ್ಕ ಹೊಳ್ಳಿದ್ರ ಬರತೈತಿ, ನೀವು ಎಡಗಾಲಿ ಬಿಚ್ಚತೀರಲ್ಲ?" ಅಂದ ಭೀಮೇಶ್.

"ಬಲಕ್ಕ ಹೊಳ್ಳಿದಾಗ ಕಾರಿನ ಭಾರ ಎಡಕ್ಕ ಬೀಳತೈತಣ್ಣ. ನಿಮ್ಮ ಬಸ್ಸಿನಾಗ ನಿಂತೋರೂ ಹಂಗ ವಾಲತಾರಲ್ಲ?"

ಗಾಲಿಯ ಹಿಂದೆ ಎಕ್ಸೆಲ್ ದಂಡ ಸೇರುವ ಜಾಯಿಂಟಿಗೆ ತೊಡಿಸಿದ ರಬ್ಬರ್ ಚೀಲ ಹರಿದಿತ್ತು. ಗ್ರೀಸೆಲ್ಲ ಸುತ್ತಲೂ ಸಿಡಿದು, ಆ ಜಾಗದಲ್ಲಿ ಮಣ್ಣು ಹೊಕ್ಕು, ಒಳಗಿನ ಗುಂಡುಗಳು ಸವೆದಿದ್ದವು. ಜೋಗಮ್ಮ ಬಗ್ಗಿ ನೋಡಿದಳು. "ಮೊಣಕಾಲು ನೋವು ಅಂತ ಬರೋ ಅಜ್ಜಿಯರದೂ ಹಿಂಗ ಕಟಕಟ ಅಂತಾವ. ಅವರಿಗೆ ಹೊಸಾದು ಹಾಕೋದು ಇಷ್ಟು ಸುಲಭ ಇಲ್ಲ."

ಹೊಸ ಜಾಯಿಂಟು ಪಕ್ಕದ ಅಂಗಡಿಯಲ್ಲೇ ಸಿಕ್ಕಿತು. ಹೊನ್ನೂರಸ್ವಾಮಿ ಅದನ್ನು ಕೂಡಿಸಿ, ಗ್ರೀಸ್ ತುಂಬಿ, ಹೊಸ ರಬ್ಬರ್ ತೊಡಿಸುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಮೂವರೂ ಆ ತೆಂಗಿನಕಾಯಿಯನ್ನೇ ಒಡೆದು ಬೆಲ್ಲದ ಜೊತೆ ತಿಂದರು. ಮತ್ತೆ ಬಯಲಿಗೆ ಇಳಿದು ಬಲಕ್ಕೆ ಸುತ್ತು ಹೊಡೆದರೆ ಗಾಲಿಯಿಂದ ಚೂರೂ ಸದ್ದಿಲ್ಲ. ಜೋಗಮ್ಮ ಬೇಕಂತಲೇ ಇನ್ನೊಂದು ಸುತ್ತು ಹೊಡೆದಳು. ಆಮೇಲೆ ಮತ್ತೊಂದು. "ಸಾಕ್ ನಿಲ್ಸೇ!" ಎಂದು ಭೀಮೇಶ್ ಕಣ್ಣು ಮುಚ್ಚಿಕೊಂಡ.

ಹರಪನಹಳ್ಳಿ ದಾಟಿ ಹಲವಾಗಲು ಮುಟ್ಟಿದಾಗ ಬಿಸಿಲು ಇಳಿದಿತ್ತು. ಮಂಜಮ್ಮ ಹೋಳಿಗೆ ತಾಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಈಗ ಬರ್ತೀಯೇನಕ್ಕ? ಹೋಳಿಗಿ ಕಾದು ಕಾದು ತಣ್ಣಗಾಗ್ಯಾವ!"

"ಬೈಯೋದು ಆಮ್ಯಾಲೆ. ಮೊದಲು ಹತ್ತಲೇ!"

ಅಕ್ಕನ ಕಾರಿನಲ್ಲಿ ಮಂಜಮ್ಮ ಒಮ್ಮೆಯೂ ಕೂತವಳಲ್ಲ. ತಾಟನ್ನು ಭೀಮೇಶನ ಕೈಗೆ ಕೊಟ್ಟು, ಅವನನ್ನು ಹಿಂದಕ್ಕೆ ಕಳಿಸಿ, ತಾನು ಮುಂದೆ ಕೂತಳು. ಹೊಳೆಯ ದಾರಿಯ ಮೊದಲ ತಿರುವಿಗೆ "ಅಯ್ಯಯ್ಯೋ" ಅಂದಳು, ಎರಡನೆಯದಕ್ಕೆ ಕಿಸಕ್ಕನೆ ನಕ್ಕಳು. ಹೊಳೆದಂಡೆಯಲ್ಲಿ ಕಾರು ನಿಂತಿತು. ಮಂಜಮ್ಮ ಮಾತ್ರ ಇಳಿಯಲಿಲ್ಲ.

"ಹೊಳಿ ದಿನಾ ನೋಡತೀನಿ," ಅಂದಳು, ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡು. "ತೆಲಿಗಿ ಊರಿನ ತನಕ ಹೊಡೀ ಅಕ್ಕ!"