ಒಂದು ಮಂಡಲ, ಆರು ಕುರ್ಚಿ

ಸಮುದ್ರವನ್ನು ನೋಡುತ್ತಾ ಎಷ್ಟು ಹೊತ್ತು ಕೂತಿರಬಹುದು ಎಂದು ಯಾರಾದರೂ ಕೇಳಿದರೆ, ಇಪ್ಪತ್ತು ನಿಮಿಷ ಎನ್ನುತ್ತೇನೆ. ಅದಕ್ಕಿಂತ ಹೆಚ್ಚು ಕೂತವರು ಹೊಸದಾಗಿ ಮದುವೆಯಾದವರು, ಇಲ್ಲವೇ ನನ್ನ ಹಾಗೆ ಬೇರೆಯವರು ಹೇಳಿ ಕೂರಿಸಿದವರು. ನಾನು ಒಂದು ಮಂಡಲ ಕೂತಿದ್ದೆ. ಅಂದರೆ ನಲವತ್ತೆಂಟು ದಿನ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಶಿವಾಜಿನಗರದ ಕುಶನ್ ಅಂಗಡಿಗೆ ಸೇರಿದವನು ನಾನು. ಆಮೇಲೆ ಭಾನುವಾರ ಬಿಟ್ಟರೆ ಸುಮ್ಮನೆ ಕೂತ ದಿನವಿಲ್ಲ. ನಿಜ ಹೇಳಬೇಕೆಂದರೆ ಎಷ್ಟೋ ಭಾನುವಾರವೂ ಇಲ್ಲ. ಕಂಟೋನ್ಮೆಂಟಿನ ಹಳೇ ಬಂಗಲೆಗಳ ಎತ್ತರದ ಬೆನ್ನಿನ ಕುರ್ಚಿಗಳಿರಲಿ, ಇಂದಿರಾನಗರದ ಫ್ಲ್ಯಾಟುಗಳ ಸೋಫಾಗಳಿರಲಿ, ಅವುಗಳ ಹೊಟ್ಟೆಯೊಳಗೆ ಏನಿದೆ ಎಂಬುದು ಕೂರುವವರಿಗಿಂತ ನನಗೆ ಚೆನ್ನಾಗಿ ಗೊತ್ತು. ಈಗಿನವರು ಗಾಳಿಯ ಗನ್ನು ಹಿಡಿದು ಟಪಟಪ ಪಿನ್ನು ಹೊಡೆಯುತ್ತಾರೆ. ನಾನು ಮೊಳೆಯವನು. ಹತ್ತು ಹದಿನೈದು ಸಣ್ಣ ಕಪ್ಪು ಮೊಳೆಗಳನ್ನು ಬಾಯಿಗೆ ಹಾಕಿಕೊಂಡು, ನಾಲಿಗೆಯಲ್ಲಿ ತಿರುಗಿಸಿ, ತಲೆ ಮುಂದೆ ಬರುವ ಹಾಗೆ ಒಂದೊಂದನ್ನೇ ತುಟಿಗೆ ತರಬೇಕು. ಅಯಸ್ಕಾಂತದ ಸುತ್ತಿಗೆಯನ್ನು ತುಟಿಗೆ ತಾಗಿಸಿದರೆ ಮೊಳೆ ಅದಕ್ಕೆ ಅಂಟಿಕೊಳ್ಳುತ್ತದೆ. ಎಡಗೈ ಬಟ್ಟೆಯನ್ನು ಎಳೆದು ಹಿಡಿದಿರುತ್ತದೆ, ಬಲಗೈ ಹೊಡೆಯುತ್ತದೆ, ಬಾಯಿಯೇ ಮೂರನೇ ಕೈ. ಇದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ಒಂದು ಮೊಳೆಯನ್ನೂ ನುಂಗಿದವನಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ, ಹಲಸೂರಿನ ಮನೆಯಲ್ಲಿ ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ, ನೀರು ಬಲಗಡೆಯಿಂದ ತಾನಾಗಿಯೇ ಸುರಿದುಹೋಯಿತು. ಬ್ರಷ್ಷು ಕೈಯಿಂದ ಬಿತ್ತು. ಲಕ್ವ. ಆಸ್ಪತ್ರೆಯವರು ಕಾಲನ್ನು ಉಳಿಸಿಕೊಟ್ಟರು. ಬಲಗೈ ಮಾತ್ರ ಯಾರದ್ದೋ ಕೈಯನ್ನು ತಂದು ಜೋಡಿಸಿದ ಹಾಗಾಯಿತು. ಬಲಗೆನ್ನೆ ಒಳಗೂ ಹೊರಗೂ ಸತ್ತುಹೋಯಿತು.

ನನ್ನ ಹೆಂಡತಿಯ ತಮ್ಮ ವಿಮಾನಪುರದವನು, ಫ್ಯಾಕ್ಟರಿಯಲ್ಲಿ ಇದ್ದು ರಿಟೈರಾದವನು. ಅವನು ಕರಾವಳಿಯ ಒಬ್ಬ ವೈದ್ಯರ ಸುದ್ದಿ ತಂದ. "ಒಂದು ಮಂಡಲ ಎಣ್ಣೆ ಹಾಕಿಸ್ಕೊಂಡ್ ಬನ್ನಿ ಭಾವ. ನಮ್ ಫ್ಯಾಕ್ಟ್ರಿಯವ್ರು ಒಬ್ರು, ಮಲ್ಕೊಂಡ್ ಹೋದವ್ರು ನಡ್ಕೊಂಡ್ ಬಂದ್ರು."

"ನಾನು ಈಗ್ಲೇ ನಡೀತಿದ್ದೀನಲ್ಲೋ," ಎಂದೆ. ಬಾಯಿ ಓರೆಯಾಗಿದ್ದರಿಂದ ಅದು ಅವನಿಗೆ ಅರ್ಥವಾಗಲಿಲ್ಲ.

ಹೊರಡುವ ಮುನ್ನ ಅಂಗಡಿಗೆ ಹೋದೆ. ಅಂಗಡಿ ನನ್ನದೂ ನನ್ನ ಪಾಲುದಾರನದೂ. ಚಿಕ್ಕಂದಿನಿಂದ ಒಂದೇ ಉಸ್ತಾದರ ಹತ್ತಿರ ಕೆಲಸ ಕಲಿತವರು ನಾವು. ಆ ವಾರವೇ ಬಂಗಲೆಯೊಂದರಿಂದ ಹಳೇ ತೊಗಲಿನ ಕುರ್ಚಿ ಬಂದಿತ್ತು. ಬೆನ್ನಿನ ತುಂಬಾ ಗುಂಡಿ ಒತ್ತಿ, ಮಡಿಕೆ ಮಡಿಕೆಯಾಗಿ ತೊಗಲು ಕೂರಿಸಿ, ಅಂಚಿಗೆಲ್ಲ ಮೊಳೆ ಹೊಡೆದದ್ದು. ಅಂಥದ್ದನ್ನು ಬಿಚ್ಚಿ ಮತ್ತೆ ಕಟ್ಟುವವರು ಆ ಬೀದಿಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಪಾಲುದಾರ ಅದರ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿ ಮೂಲೆಗಿಟ್ಟ.

"ಇದು ನಿಂದು ಭಾಯ್. ಯಾರ್ಗೂ ಮುಟ್ಟಕ್ಕೆ ಬಿಡಲ್ಲ. ನೀನ್ ಬಂದು ಹೊಡೀಬೇಕು, ಬಸ್."

ಆ ಕುರ್ಚಿಗೋಸ್ಕರವೇ ನಾನು ಬಸ್ಸು ಹತ್ತಿದ್ದು.

ಆ ಊರು ರಜೆಗೆ ಬರುವವರ ಊರು. ಮರಳಿನುದ್ದಕ್ಕೂ ಲಾಡ್ಜು, ಎಳನೀರು, ಚುರುಮುರಿ, ಒಂಟೆ. ನಾನೂ ಹೆಂಡತಿಯೂ ಇಳಿದುಕೊಂಡಿದ್ದ ಲಾಡ್ಜಿನ ಜಗಲಿಯಿಂದ ಸಮುದ್ರ ಕಾಣುತ್ತಿತ್ತು. ಬೆಳಿಗ್ಗೆ ವೈದ್ಯರ ಮನೆಯಲ್ಲಿ ಎಣ್ಣೆ ತಿಕ್ಕಿಸಿಕೊಂಡು, ಬಿಸಿನೀರು ಹುಯ್ಯಿಸಿಕೊಂಡು ಬಂದರೆ ಒಂಬತ್ತು ಗಂಟೆ. ಆಮೇಲೆ ದಿನ ಎನ್ನುವುದು ಇರುತ್ತಿತ್ತಲ್ಲ, ಅದನ್ನು ಎಲ್ಲಿ ಇಡುವುದು ಎಂದು ಗೊತ್ತಾಗುತ್ತಿರಲಿಲ್ಲ.

ಏನೇನೋ ಮಾಡಿದೆ. ದಂಡೆಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೆ. ಮೀನಿನ ದೋಣಿ ಬರುವುದನ್ನು ಕಾದೆ. ಬಸ್ ಸ್ಟ್ಯಾಂಡಿಗೆ ಹೋಗಿ ಬೋರ್ಡುಗಳನ್ನೆಲ್ಲ ಓದಿದೆ. ಹೆಂಡತಿ ಪಕ್ಕದ ಮನೆಯವರಿಂದ ಮಲ್ಲಿಗೆ ಕಟ್ಟುವುದನ್ನು ಕಲಿತುಕೊಂಡು ಹೇಗೋ ಹೊಂದಿಕೊಂಡಳು. ನನಗೆ ಶನಿವಾರ ಒಂದೇ ಆಸರೆ. ಶನಿವಾರ ಬೆಂಗಳೂರಿನ ಕಾರುಗಳು ಬರುತ್ತಿದ್ದವು. ಹುಡುಗರ ಗುಂಪಿನ ಹತ್ತಿರ ಹೋಗಿ ನಿಂತು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದೆ.

"ಮಗಾ, ಬಾರೋ, ನೀರಿಗಿಳಿಯಣ."

"ಗುರು, ಗೊರಗುಂಟೆಪಾಳ್ಯ ದಾಟಕ್ಕೇ ಎರಡ್ ಗಂಟೆ ಆಯ್ತು. ಸಮುದ್ರ ಎಲ್ಲಿಗೂ ಓಡೋಗಲ್ಲ, ಫಸ್ಟ್ ತಿಂಡಿ."

ಅಷ್ಟು ಬೆಂಗಳೂರಿನ ಮಾತು ಕೇಳಿದರೆ ಎರಡು ದಿನ ಸಾಗುತ್ತಿತ್ತು. ಒಂದು ಶನಿವಾರ ಇಂದಿರಾನಗರದ ಹೆಂಗಸೊಬ್ಬರು ಗಂಡನ ಜೊತೆ ಬಂದರು. ಅವರ ಸೋಫಾವನ್ನು ನಾನೇ ಎರಡು ಸಲ ಕಟ್ಟಿದ್ದೆ. ನಾನು ಎಳನೀರಿನ ಗಾಡಿಯ ಹಿಂದೆ ಹೋಗಿ, ಅವರು ದಾಟುವವರೆಗೂ ಮುಖ ಆಚೆ ಮಾಡಿ ನಿಂತೆ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ವೈದ್ಯರು ದಿನಾ ನನ್ನ ಕಣ್ಣು ಮುಚ್ಚಿಸಿ, ಹತ್ತಿಯ ಬತ್ತಿಯನ್ನು ಬಲಗೆನ್ನೆಗೆ ಸೋಕಿಸಿ ಕೇಳುತ್ತಿದ್ದರು: "ತಾಗ್ತದಾ?"

ಮೊದಲ ವಾರ ಇಲ್ಲ ಎಂದೆ. ಎರಡನೇ ವಾರವೂ ಇಲ್ಲ ಎಂದಾಗ ಬಾಗಿಲ ಬಳಿ ನಿಂತಿದ್ದ ಹೆಂಡತಿ ಸೆರಗು ಕಚ್ಚಿಕೊಂಡಳು. ಮಾರನೇ ದಿನ, ಅವರ ಕೈ ಹತ್ತಿರ ಬಂದಾಗ ಎಣ್ಣೆಯ ವಾಸನೆ ಜೋರಾಗುವುದು ನನಗೆ ಗೊತ್ತಾಯಿತು. ವಾಸನೆ ಬಂದ ಕೂಡಲೇ "ತಾಗ್ತಿದೆ" ಎಂದೆ. ಅವರು ಖುಷಿಯಾಗಿ ಪುಸ್ತಕದಲ್ಲಿ ಬರೆದುಕೊಂಡರು. ಹೆಂಡತಿ ದಾರಿಯುದ್ದಕ್ಕೂ ಫೋನಿನಲ್ಲಿ ತಮ್ಮನಿಗೆ ಹೇಳಿದಳು. ಪಾಲುದಾರನೂ ಫೋನು ಮಾಡಿದ: "ಕ್ಯಾ ಭಾಯ್, ಕೆನ್ನೆ ವಾಪಸ್ ಬಂತಂತೆ! ಕುರ್ಚಿ ಕಾಯ್ತಾ ಐತೆ." ಆಮೇಲೆ ದಿನಾ ತಾಗುತ್ತಿತ್ತು. ಹೇಳಿ ಹೇಳಿ ನನಗೂ ಅರ್ಧ ನಂಬಿಕೆ ಬಂದಿತ್ತು.

ಲಾಡ್ಜಿನ ಜಗಲಿಯ ಮೇಲೆ ಆರು ಕುರ್ಚಿಗಳಿದ್ದವು. ರೆಕ್ಸಿನ್ ಹರಿದು, ಒಳಗಿನ ತೆಂಗಿನ ನಾರು ಹಕ್ಕಿಗೂಡಿನ ಹಾಗೆ ಹೊರಬಂದಿತ್ತು. ಮೂರು ವಾರ ಅವುಗಳ ಮೇಲೆ ಕೂತೆ. ಇನ್ನು ಆಗಲಿಲ್ಲ. ಲಾಡ್ಜಿನ ಯಜಮಾನರನ್ನು ಕೇಳಿದೆ.

"ಎಂತದು ಮಾರಾಯ್ರೆ, ಔಷಧಿಗೆ ಬಂದವರ ಹತ್ತಿರ ಕೆಲಸ ಮಾಡಿಸಿದರೆ ಜನ ಎಂತ ಹೇಳ್ಯಾರು?"

"ನಾನು ಸುಮ್ನೆ ಕೂತ್ರೆ ಹುಚ್ಚ ಆಗ್ತೀನಿ ಸ್ವಾಮಿ. ರೆಕ್ಸಿನ್ ನೀವು ತರಿಸಿ, ಸಾಕು."

ಹೆಂಡತಿ ಕೂಗಾಡಿದಳು. "ರೀ, ಕೈ ಸರಿ ಹೋಗ್ಲಿ ಅಂತ ಬಂದಿದ್ದೋ, ಲಾಡ್ಜ್ ರಿಪೇರಿ ಮಾಡಕ್ಕೋ?" ಆದರೆ ಮಾರನೇ ದಿನ ನಾನು ಎಡಗೈಯಲ್ಲಿ ಸುತ್ತಿಗೆ ಹಿಡಿದು ಒದ್ದಾಡುವುದನ್ನು ನೋಡಿ, ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು. "ಏನ್ ಎಳೀಬೇಕು, ಹೇಳಿ."

ಮದುವೆಯಾಗಿ ಅಷ್ಟು ವರ್ಷಕ್ಕೆ ಅವಳು ನನ್ನ ಕೆಲಸವನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. "ಇನ್ನೂ ಎಳಿ. ಸೀರೆ ನೆರಿಗೆ ಅಲ್ಲ ಅದು," ಎಂದರೆ, "ನಿಮ್ ಉಸ್ತಾದ್ರು ನಿಮ್ಗೂ ಹಿಂಗೇ ಬೈತಿದ್ರಾ?" ಎಂದು ನಗುತ್ತಿದ್ದಳು. ಮೊಳೆಯನ್ನು ಡಬ್ಬಿಯಿಂದ ಒಂದೊಂದೇ ಎತ್ತಿಕೊಡುತ್ತೇನೆ ಎಂದಳು. ನಾನು ಒಪ್ಪಲಿಲ್ಲ. ಡಬ್ಬಿಯಿಂದ ಮೊಳೆ ತೆಗೆದು ಹೊಡೆಯುವವನು ಕುಶನ್ ಕೆಲಸದವನೇ ಅಲ್ಲ ಎಂದು ಉಸ್ತಾದರು ಹೇಳುತ್ತಿದ್ದರು. ಎಡಗಡೆ ಬಾಯಿ ಸರಿಯಿತ್ತಲ್ಲ, ಆ ಕಡೆಗೆ ಐದಾರು ಹಾಕಿಕೊಂಡೆ.

ನಾಲ್ಕು ದಿನಕ್ಕೆ ನಾಲ್ಕು ಕುರ್ಚಿ ಆಯಿತು. ಬೇಜಾರು ಎಂಬ ಮಾತೇ ಮರೆತುಹೋಗಿತ್ತು. ಯಜಮಾನರು ಕೂತು ನೋಡಿ, "ಲಾಯ್ಕಾಯ್ತು ಮಾರಾಯ್ರೆ!" ಎಂದರು. ನಾನು ತಲೆಯಾಡಿಸಿದೆ. ಮೂಲೆಯ ಮಡಿಕೆಗಳು ಒಂದರ ಹಾಗೆ ಒಂದಿರಲಿಲ್ಲ. ಅಂಚು ಸೊಟ್ಟಗೆ ಓಡಿತ್ತು. ನನ್ನ ಅಂಗಡಿಯಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ಅವರ ಎದುರಿಗೇ ಕಿತ್ತು ಬಿಸಾಡುತ್ತಿದ್ದೆ.

ಐದನೆಯ ಕುರ್ಚಿ ಅರ್ಧಕ್ಕೆ ಬಂದಾಗ ಊಟದ ಹೊತ್ತಾಯಿತು. ಬಾಯಲ್ಲಿದ್ದ ಮೊಳೆಗಳನ್ನು ಡಬ್ಬಿಗೆ ಉಗಿದು, ಕೈ ತೊಳೆದು ಕೂತೆ. ಕುಚ್ಚಲಕ್ಕಿ ಅನ್ನ, ಸಾರು. ಎರಡು ತುತ್ತು ಉಂಡಿರಬಹುದು. ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

"ರೀ, ಸಾರು ಇಷ್ಟು ಕೆಂಪಗಿಲ್ಲ."

ಬಲಗಡೆ ತುಟಿಯ ತುದಿಯಿಂದ ರಕ್ತ ಇಳಿದು ಅಂಗಿಯ ಮೇಲೆ ಬಿದ್ದಿತ್ತು. ನಾನು ಅಂಗಿಯನ್ನು ನೋಡಿಯೇ ತಿಳಿದುಕೊಂಡದ್ದು. ಅವಳು ಎದ್ದು ಬಂದು, ನನ್ನ ಗಲ್ಲ ಹಿಡಿದು, ಕೆನ್ನೆಯೊಳಗೆ ಬೆರಳು ಹಾಕಿದಳು. ತಡಕಿದಳು. ಒಂದು ಕಡೆ ಬೆರಳು ನಿಂತಿತು. ಇನ್ನೊಂದು ಕೈಯ ಉಗುರನ್ನೂ ಹಾಕಿ, ಅಲ್ಲಾಡಿಸಿ ಎಳೆದಳು. ಮೊಳೆ ಬಂತು. ತಲೆಯವರೆಗೂ ಮಾಂಸದೊಳಗೆ ಹೋಗಿತ್ತು. ಎಡಗಡೆಯಿಂದ ಯಾವಾಗಲೋ ಬಲಗಡೆಗೆ ಜಾರಿದ್ದ ಅದರ ಮೇಲೇ ನಾನು ಅಗಿದಿದ್ದೆ.

ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಕೇಳಿದಳು. "ಗೊತ್ತಾಗ್ಲಿಲ್ವಾ?"

"ಇಲ್ಲ."

"ಎಳೆದಾಗ?"

"ಇಲ್ಲ ಕಣೆ."

"ಮತ್ತೆ ಬತ್ತಿ? ದಿನಾ ತಾಗ್ತಿದೆ ಅಂತಿದ್ರಲ್ಲ?"

ನಾನು ಎಣ್ಣೆಯ ವಾಸನೆಯ ವಿಷಯ ಹೇಳಿದೆ. ಅವಳು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ವೈದ್ಯರಿಗೂ ನಾನೇ ಹೇಳಿದೆ. ಅವರು ಪುಸ್ತಕ ತೆರೆದು, ಹಾಳೆಗಳನ್ನು ಹಿಂದಕ್ಕೆ ತಿರುವಿದರು. "ಹಾಗಾದರೆ ಇಷ್ಟು ದಿನ ನಾನು ಬರೆದದ್ದೆಲ್ಲ ಎಂತದು ಮಾರಾಯ್ರೆ?" ಎಂದರು. ಸಿಟ್ಟಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು. ಕೈಯನ್ನು ಮತ್ತೆ ಮೊದಲಿಂದ ನೋಡಿ, ಕೊನೆಗೆ, "ಉಳಿದ ದಿನ ಎಣ್ಣೆ ಹಾಕುವ. ಆದರೆ ಕೆಲಸದ ಕೈ ಬರ್ತದೆ ಅಂತ ನಾನು ಹೇಳುವುದಿಲ್ಲ," ಎಂದರು.

ಉಳಿದದ್ದು ಹದಿನೇಳು ದಿನ. ಐದನೇ ಕುರ್ಚಿ ಅರ್ಧದಲ್ಲೇ ನಿಂತಿತು, ಆರನೆಯದನ್ನು ಮುಟ್ಟಲಿಲ್ಲ. ಬೇಜಾರು ಕಳೆಯಲು ನಾನು ಏನನ್ನೂ ಹುಡುಕಲಿಲ್ಲ. ಶನಿವಾರದ ಹುಡುಗರ ಹತ್ತಿರವೂ ಹೋಗಲಿಲ್ಲ. ಅಲೆ ಬರುತ್ತಿತ್ತು, ಹೋಗುತ್ತಿತ್ತು. ಆ ಸಮುದ್ರವನ್ನೂ ನನ್ನ ಹಾಗೆ ಯಾರೋ ಹೇಳಿ ಕೂರಿಸಿದ ಹಾಗಿತ್ತು.

ಬೆಂಗಳೂರಿಗೆ ಬಂದ ಮೂರನೇ ದಿನ ಅಂಗಡಿಗೆ ಹೋದೆ. ಪಾಲುದಾರ ಟೀ ತರಿಸಿದ. ಬೆಡ್‌ಶೀಟ್ ಹಾಗೇ ಇತ್ತು, ಮೇಲೆ ಧೂಳು ಕೂತಿತ್ತು. ನಾನೇ ಎಡಗೈಯಲ್ಲಿ ಎಳೆದು ತೆಗೆದೆ. ಗುಂಡಿಗಳ ನಡುವಿನ ಮಡಿಕೆಯಲ್ಲಿ ಹೆಬ್ಬೆರಳು ಇಟ್ಟು ಮೇಲಿನಿಂದ ಕೆಳಗಿನವರೆಗೂ ಒಂದು ಸಲ ಹೋದೆ. ಒಳ್ಳೆಯ ಕೆಲಸ. ಯಾರು ಕಟ್ಟಿದ್ದರೋ, ಮೊಳೆಯನ್ನು ಬಾಯಲ್ಲಿ ಇಟ್ಟುಕೊಂಡೇ ಕಟ್ಟಿದ್ದರು.

"ಬಿಚ್ಚು," ಎಂದೆ. "ಗನ್ನಲ್ಲೇ ಹೊಡಿ."

ಅವನು ಟೀ ಲೋಟ ಕೆಳಗಿಟ್ಟ. "ನೀನಾ ಹೇಳ್ತಿರೋದು? ಗನ್ ಹಿಡ್ದವ್ರಿಗೆ ನಮ್ ಬೀದೀಲೆಲ್ಲ ಬೈಕೊಂಡ್ ತಿರುಗ್ತಿದ್ದವ್ನು ನೀನು!"

"ಹೌದು. ನಾನೇ."

ಅವನು ಬೆಡ್‌ಶೀಟನ್ನು ಮಡಿಚಿ ಬದಿಗಿಟ್ಟ. ಆಮೇಲೆ, "ನೀನ್ ಕೂತ್ಕೋ ಭಾಯ್, ಕೂತ್ಕೊಂಡ್ ಹೇಳ್ಕೊಡು," ಎಂದು ಸ್ಟೂಲು ಎಳೆದು ಹಾಕಿದ. ನಾನು ಕೂರಲಿಲ್ಲ. ಬಸ್ಸು ಹಿಡಿದು ಮನೆಗೆ ಬಂದೆ.

ಈಗ ಬೆಳಿಗ್ಗೆ ಹೆಂಡತಿ ಹಲಸೂರು ಕೆರೆಯ ಕಡೆಗೆ ಕಳಿಸುತ್ತಾಳೆ. ಇಪ್ಪತ್ತು ನಿಮಿಷ ಕೂತು ಎದ್ದು ಬರುತ್ತೇನೆ. ಸಮುದ್ರದ ದಂಡೆಯಲ್ಲಿ ಮಂಡಲ ಎನ್ನುವುದೊಂದು ಮುಗಿಯುವುದಿತ್ತು. ಇಲ್ಲಿ ಅಂಥದ್ದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅವಳು ನನ್ನ ಗಲ್ಲ ಹಿಡಿದು, ಬಲಗೆನ್ನೆಯೊಳಗೆ ಬೆರಳು ಹಾಕಿ, ಉಳಿದ ಅನ್ನದ ಅಗುಳನ್ನು ತೆಗೆಯುತ್ತಾಳೆ. ತಾಗುತ್ತಾ ಎಂದು ಕೇಳುವುದಿಲ್ಲ. ನಾನು ಬಾಯಿ ತೆರೆದುಕೊಂಡು, ಅವಳ ಬೆರಳು ಹೊರಗೆ ಬರುವುದನ್ನು ನೋಡಿ, ಮುಗಿಯಿತು ಎಂದು ತಿಳಿದುಕೊಳ್ಳುತ್ತೇನೆ.